ತಾರಸಿಯ ವಿದ್ಯುತ್ತಿಗೆ ಮೊಬೈಲ್‌ನಲ್ಲಿ ಲೆಕ್ಕ

ಬೆಂಗಳೂರು: ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಸಮೀಪದ ಬಾಗಲಗುಂಟೆಯಂತಹ ಬಡಾವಣೆಗಳಲ್ಲಿ ತಾರಸಿಯ ಮೇಲೆ ಸೌರ ಫಲಕ ಹಾಕಿಸಿಕೊಂಡವರನ್ನು ತಿಂಗಳ ಬಿಲ್ ಒಮ್ಮೆಯಾದರೂ ಗೊಂದಲಕ್ಕೆ ಕೆಡವುತ್ತದೆ. ಮೊಬೈಲ್‌ನ ಆ್ಯಪ್ 360 ಯೂನಿಟ್ ಉತ್ಪಾದನೆ ತೋರಿಸಿದರೆ, ಬಿಲ್ಲಿನಲ್ಲಿ ಗ್ರಿಡ್‌ಗೆ ಹರಿದದ್ದು 240 ಯೂನಿಟ್ ಎಂದಿರುತ್ತದೆ. ಉಳಿದ 120 ಯೂನಿಟ್ ಎಲ್ಲಿ ಹೋಯಿತು?

ಎಲ್ಲಿಯೂ ಹೋಗಿಲ್ಲ. ದ್ವಿಮುಖ ಮೀಟರನ್ನು ತಲುಪುವ ಮೊದಲೇ ಮನೆಯ ಫ್ರಿಜ್, ನೀರಿನ ಪಂಪು, ವಾಷಿಂಗ್ ಮೆಷಿನ್‌ಗಳು ಅದನ್ನು ಬಳಸಿಕೊಂಡಿವೆ. ಆ್ಯಪ್‌ಗೆ ಮಾಹಿತಿ ಕಳುಹಿಸುವುದು ಇನ್ವರ್ಟರ್. ಅದಕ್ಕೆ ತಾನು ಎಷ್ಟು ಉತ್ಪಾದಿಸಿದೆ ಎಂಬುದಷ್ಟೇ ಗೊತ್ತು. ಮೀಟರಿಗೋ, ತನ್ನನ್ನು ದಾಟಿ ಒಳಬಂದದ್ದು, ಹೊರಹೋದದ್ದು ಮಾತ್ರ ಗೊತ್ತು. ಎರಡನ್ನೂ ಕೂಡಿಸಿದಾಗಲೇ ಮನೆಯ ನಿಜವಾದ ಬಳಕೆ ತಿಳಿಯುತ್ತದೆ. ಮೇಲಿನ ಮನೆಯು ಗ್ರಿಡ್‌ನಿಂದ 200 ಯೂನಿಟ್ ಪಡೆದಿದ್ದರೆ ಒಟ್ಟು ಬಳಕೆ 120 ಮತ್ತು 200, ಅಂದರೆ 320 ಯೂನಿಟ್. ಮಿಕ್ಕ 40 ಯೂನಿಟ್ ಮನೆಯವರ ಖಾತೆಗೆ ಜಮೆ. ಈ ಲೆಕ್ಕವನ್ನು ಆ್ಯಪ್ ತಾನೇ ತೋರಿಸಬೇಕಾದರೆ ಮುಖ್ಯ ತಂತಿಗೆ ವಿದ್ಯುತ್ ಅಳೆಯುವ ಪ್ರತ್ಯೇಕ ಸಾಧನ ಜೋಡಿಸಬೇಕು.

ರಾಜ್ಯದಲ್ಲಿ ಈ ವ್ಯವಸ್ಥೆ ಹೊಸದೇನಲ್ಲ. ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು 2013ರಲ್ಲಿ ಸಹಾಯಧನ ಪಡೆಯದ ತಾರಸಿ ಘಟಕಗಳಿಗೆ ಯೂನಿಟ್‌ಗೆ 9.56 ರೂಪಾಯಿ ದರ ನಿಗದಿಪಡಿಸಿತ್ತು. ಮುಂದಿನ ವರ್ಷ ಬೆಸ್ಕಾಂ ಯೋಜನೆ ಆರಂಭಿಸಿತು. ಬಳಿಕ ಬಂದ ಘಟಕಗಳಿಗೆ ದರ ಇಳಿಯುತ್ತಾ ಹೋಯಿತು. 2024ರಲ್ಲಿ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯಡಿ 3 ಕಿಲೋವ್ಯಾಟ್ ಘಟಕಕ್ಕೆ 78 ಸಾವಿರ ರೂಪಾಯಿ ಸಹಾಯಧನ ಘೋಷಣೆಯಾದಾಗ ಮಧ್ಯಮ ವರ್ಗದವರ ಆಸಕ್ತಿ ಮತ್ತೆ ಚಿಗುರಿತು.

ಬಿಸಿಲಿದ್ದಾಗಲೇ ಬಟ್ಟೆ ಒಗೆಯುವ ಯಂತ್ರ ಹಾಕಿದರೆ ಬಿಲ್ ಇಳಿಯುತ್ತದೆ ಎಂದು ನಂಬಿ ಆ್ಯಪ್ ನೋಡುತ್ತಾ ಕೂರುವವರಿದ್ದಾರೆ. ನೆಟ್ ಮೀಟರಿಂಗ್‌ನಲ್ಲಿ ಒಳಬಂದದ್ದರಿಂದ ಹೊರಹೋದದ್ದನ್ನು ಕಳೆದು ಬಿಲ್ ಮಾಡುವುದರಿಂದ ಈ ಶ್ರಮಕ್ಕೆ ಹೆಚ್ಚಿನ ಫಲವಿಲ್ಲ. ಆ್ಯಪ್‌ನ ನಿಜವಾದ ಉಪಯೋಗ ಬೇರೆ; ಅದು ದೋಷವನ್ನು ಬೇಗ ಹಿಡಿದುಕೊಡುತ್ತದೆ. ಬೆಂಗಳೂರಿನಲ್ಲಿ 1 ಕಿಲೋವ್ಯಾಟ್ ಘಟಕ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಮುಂಗಾರಿನ ಮೋಡದಲ್ಲಿ ಇಳಿಕೆ ಸಹಜ. ಆದರೆ ಮಾರ್ಚ್‌ನ ಸುಡುಬಿಸಿಲಿನಲ್ಲಿಯೂ ಇಳುವರಿ ಕುಸಿದಿದ್ದರೆ ಫಲಕದ ಮೇಲೆ ಧೂಳು ಕೂತಿದೆ, ಪಕ್ಕದಲ್ಲಿ ಮೇಲೇರಿದ ಕಟ್ಟಡದ ನೆರಳು ಬಿದ್ದಿದೆ ಅಥವಾ ತಂತಿಯ ಜೋಡಣೆ ಸಡಿಲವಾಗಿದೆ ಎಂದೇ ತಿಳಿಯಬೇಕು. ಲಕ್ಷಾಂತರ ರೂಪಾಯಿ ಹಾಕಿದ ಘಟಕ ತಿಂಗಳುಗಟ್ಟಲೆ ಅರ್ಧ ಕೆಲಸ ಮಾಡಿದರೂ ಬಿಲ್ ನೋಡಿಯೇ ಪತ್ತೆ ಮಾಡುವುದು ಕಷ್ಟ.

ಕರೆಂಟ್ ಹೋದಾಗ ಆ್ಯಪ್ ಸೊನ್ನೆ ತೋರಿಸಿದರೆ ಗಾಬರಿ ಬೇಡ. ಲೈನ್ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗಳ ಜೀವರಕ್ಷಣೆಗಾಗಿ, ಬ್ಯಾಟರಿಯಿಲ್ಲದ ಇನ್ವರ್ಟರ್ ಆಗ ತಾನಾಗಿಯೇ ಸ್ಥಗಿತಗೊಳ್ಳುತ್ತದೆ. ಗ್ರಿಡ್ ಮರಳಿದ ಕೆಲವೇ ನಿಮಿಷಗಳಲ್ಲಿ ಮತ್ತೆ ಚಾಲೂ ಆಗಬೇಕು. ಆಗದಿದ್ದರೆ ಘಟಕ ಅಳವಡಿಸಿದವರನ್ನು ಕರೆಸಬೇಕು. ಅಂದಹಾಗೆ, ಆ್ಯಪ್‌ನ ಖಾತೆ ಅಳವಡಿಸಿದವರ ಹೆಸರಿನಲ್ಲಿಯೇ ಉಳಿಯದಂತೆ, ಅದರ ಪಾಸ್‌ವರ್ಡನ್ನು ಮೊದಲ ದಿನವೇ ಮನೆಯವರು ಪಡೆದುಕೊಳ್ಳುವುದು ಒಳಿತು.