ಬಿಂಬ ಮತ್ತು ಹೆಸರು: ನಾಯಕನಹಟ್ಟಿ ಸೀಮೆಯ ಬಸವಿಯರು, ಕ್ಯೋಟೋದ ಗೇಷಾಗಳು

ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ಫಾಲ್ಗುಣ ಮಾಸದಲ್ಲಿ ಜರುಗುವ ಗುರು ತಿಪ್ಪೇರುದ್ರಸ್ವಾಮಿ ರಥೋತ್ಸವದಲ್ಲಿ ಚಿತ್ರ ತೆಗೆಯುವವರಿಗೆ ಕೊರತೆಯಿಲ್ಲ. ತೇರು, ಮುಕ್ತಿ ಬಾವುಟದ ಹರಾಜು, ಜನಸಾಗರ, ಇವೆಲ್ಲ ಬಯಲಲ್ಲಿ ನಡೆಯುವ ಸಂಗತಿಗಳು. ಆದರೆ ಅದೇ ಸೀಮೆಯ ಮ್ಯಾಸಬೇಡರ ಹಟ್ಟಿಯೊಂದರಲ್ಲಿ, ಹಿಂದೆ ಬಸವಿಯಾಗಿ ಬಿಡಲ್ಪಟ್ಟ ವೃದ್ಧೆಯೊಬ್ಬರ ಎದುರು ಸಂಶೋಧಕನು ಕ್ಯಾಮೆರಾ ಎತ್ತಿದಾಗ ಪ್ರಶ್ನೆ ಬೇರೆಯಾಗುತ್ತದೆ. ಆ ಚಿತ್ರದ ಅಡಿಯಲ್ಲಿ ಬರೆಯಬೇಕಾದುದು ಏನು? ಅವರ ಹೆಸರೋ, 'ಬಸವಿ' ಎಂಬ ಪದವೋ?

ಬಸವಿಯೆಂದರೆ ಯಾರೆಂಬುದನ್ನು ಮೊದಲು ಗಮನಿಸಬೇಕು. ಗಂಡುಸಂತಾನವಿಲ್ಲದ ಮನೆಯಲ್ಲಿ ಮಗಳನ್ನು ದೇವರ ಹೆಸರಿನಲ್ಲಿ ಬಿಟ್ಟರೆ ಅವಳು ತವರಿನಲ್ಲಿಯೇ ಉಳಿಯುತ್ತಿದ್ದಳು. ತಂದೆಯ ಆಸ್ತಿಗೆ ವಾರಸುದಾರಳಾಗುತ್ತಿದ್ದಳು. ಅವನ ಉತ್ತರಕ್ರಿಯೆಗೆ ಅಧಿಕಾರಿಯೂ ಆಗುತ್ತಿದ್ದಳು. ಅವಳ ಮಕ್ಕಳು ಅವಳ ತಂದೆಯ ಬೆಡಗಿಗೇ ಸೇರುತ್ತಿದ್ದರು. ಮೊಳಕಾಲ್ಮೂರಿಗೆ ಹೊಂದಿಕೊಂಡ ಬಳ್ಳಾರಿ ಜಿಲ್ಲೆಯ ಬಸವಿಯರನ್ನು ಕುರಿತು ಪೊಲೀಸ್ ಅಧಿಕಾರಿ ಫ್ರೆಡ್ ಫಾಸೆಟ್ ೧೮೯೦ರ ದಶಕದ ಆರಂಭದಲ್ಲಿ ಬರೆದ ಪ್ರಬಂಧದ ಶೀರ್ಷಿಕೆಯಲ್ಲಿಯೇ, ಇವರು ಪುರುಷರ ಹಕ್ಕುಗಳನ್ನು ಪಡೆಯುವ ಸ್ತ್ರೀಯರು ಎಂಬ ಮಾತಿದೆ. ಈ ಹಕ್ಕಿಗೆ ತೆತ್ತ ಬೆಲೆ ಸಣ್ಣದಲ್ಲ. ವಿವಾಹವೆಂಬುದು ಅವಳಿಗಿರಲಿಲ್ಲ, ಅವಳನ್ನು ಬಿಡುವಾಗ ಅವಳ ಒಪ್ಪಿಗೆಯನ್ನು ಕೇಳುವ ಪ್ರಶ್ನೆಯೂ ಇರಲಿಲ್ಲ.

ಇವುಗಳಲ್ಲಿ ಯಾವುದೂ ಛಾಯಾಚಿತ್ರದಲ್ಲಿ ಮೂಡುವಂತಹುದಲ್ಲ. ವಾರಸುದಾರಿಕೆಗೆ ಮುಖಚಹರೆಯಿಲ್ಲ. ಕ್ಯಾಮೆರಾಕ್ಕೆ ದಕ್ಕುವುದು ಸೀರೆ, ಸರ, ಹಣೆಯ ಕುಂಕುಮ. ಎಡ್ಗರ್ ಥರ್ಸ್ಟನ್ ೧೯೦೯ರಲ್ಲಿ ಏಳು ಸಂಪುಟಗಳಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಗ್ರಂಥವನ್ನು ತಿರುವಿದರೆ ಚಿತ್ರಗಳ ಅಡಿಯಲ್ಲಿ ಹೆಚ್ಚಾಗಿ ಕಾಣುವುದು ಜಾತಿಯ ಹೆಸರೇ ಹೊರತು ವ್ಯಕ್ತಿಯ ಹೆಸರಲ್ಲ. ಎಚ್.ವಿ. ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರ ಮೈಸೂರು ಸಂಪುಟಗಳು ಬೆಳೆದುದೂ ಇದೇ ಜನಾಂಗಶಾಸ್ತ್ರದ ಪರಂಪರೆಯಲ್ಲಿ. ಎದುರಿಗೆ ನಿಂತವರು ಮಾದರಿಯಾದರು, ಮನುಷ್ಯರಾಗಿ ಉಳಿಯಲಿಲ್ಲ.

ಈ ರೂಢಿ ನಮ್ಮ ನಾಡಿಗೆ ಮಾತ್ರ ಸೀಮಿತವಲ್ಲ. ೧೮೫೮ರಲ್ಲಿ ಭಾರತಕ್ಕೆ ಬಂದು ದಂಗೆಯ ಅವಶೇಷಗಳನ್ನು ಚಿತ್ರೀಕರಿಸಿದ ಫೆಲಿಸ್ ಬಿಯಾಟೋ ಎಂಬ ಛಾಯಾಗ್ರಾಹಕನೇ ೧೮೬೩ರ ಹೊತ್ತಿಗೆ ಜಪಾನಿನ ಯೊಕೊಹಾಮಾದಲ್ಲಿ ನೆಲೆಸಿದ. ಅವನ ನಂತರ ಅಲ್ಲಿ ಪ್ರಸಿದ್ಧನಾದ ಕುಸಾಕಾಬೆ ಕಿಂಬೆಯು ವಿದೇಶೀ ಪ್ರವಾಸಿಗರಿಗಾಗಿ ಕೈಯಿಂದ ಬಣ್ಣ ತುಂಬಿದ ಚಿತ್ರಸಂಪುಟಗಳನ್ನು ಮಾರಿದ. ಬಿರುಗಾಳಿಗೆ ಸಿಕ್ಕ ಹೆಣ್ಣಿನ ಅವನ ಹೆಸರಾಂತ ಚಿತ್ರ ತೆಗೆದದ್ದು ಬೀದಿಯಲ್ಲಲ್ಲ, ಸ್ಟುಡಿಯೋದೊಳಗೆ! ಗೇಷಾ ಎಂಬ ಪದಕ್ಕೆ 'ಕಲಾವಂತ ವ್ಯಕ್ತಿ' ಎಂದರ್ಥ. ಸಂಗೀತ, ನೃತ್ಯ, ಸಂಭಾಷಣೆಗಳಲ್ಲಿ ವರ್ಷಗಟ್ಟಲೆ ತರಬೇತಿ ಪಡೆದ ಆ ಕಲಾವಿದೆಗೂ ವೇಶ್ಯೆಗೂ ಇದ್ದ ಅಂತರವನ್ನು ಇಂತಹ ಮಾರಾಟದ ಚಿತ್ರಗಳು ಅಳಿಸಿಹಾಕಿದವು. ಬಸವಿಯೂ ಗೇಷಾಳೂ ಒಂದೇ ಎಂದು ಇಲ್ಲಿ ವಾದಿಸುತ್ತಿಲ್ಲ. ಒಂದು ವೃತ್ತಿ, ಇನ್ನೊಂದು ಬಂಧುತ್ವದೊಳಗಿನ ವ್ಯವಸ್ಥೆ. ಇಬ್ಬರ ಬಿಂಬಗಳಿಗೆ ಒದಗಿದ ಗತಿಯಲ್ಲಿ ಮಾತ್ರ ಸಾಮ್ಯವಿದೆ.

ಕ್ಯಾಮೆರಾ ಬರುವ ಮೊದಲು ಅಲ್ಲಿನ ಚಿತ್ರಕಾರರು ಬೇರೆ ದಾರಿ ಹಿಡಿದಿದ್ದರು. ೧೭೯೦ರ ದಶಕದಲ್ಲಿ ಕಿತಾಗಾವಾ ಉತಾಮಾರೊ ಮರದಚ್ಚಿನ ಚಿತ್ರಗಳಲ್ಲಿ ತೊಯೊಹಿನಾ ಎಂಬ ಗೇಷಾಳನ್ನೂ ಚಹಾ ಅಂಗಡಿಯ ಹುಡುಗಿಯರನ್ನೂ ಹೆಸರಿನಿಂದಲೇ ಗುರುತಿಸಿದ. ವೇಶ್ಯೆಯರಲ್ಲದ ಹೆಂಗಸರ ಹೆಸರನ್ನು ಅಚ್ಚು ಹಾಕಬಾರದೆಂದು ಸರ್ಕಾರ ಆಜ್ಞೆ ಹೊರಡಿಸಿದಾಗ, ಹೆಸರನ್ನು ಸೂಚಿಸುವ ಒಗಟುಚಿತ್ರಗಳನ್ನು ಮೂಲೆಯಲ್ಲಿ ಬರೆದ. ಹೆಸರು ಅಲ್ಲಿ ಖ್ಯಾತಿಯಾಗಿತ್ತು. ನಮ್ಮಲ್ಲಿಯೂ ಅಂತಹ ನಿದರ್ಶನವುಂಟು. ದೇವದಾಸಿ ಮನೆತನದಲ್ಲಿ ಜನಿಸಿದ ಬೆಂಗಳೂರು ನಾಗರತ್ನಮ್ಮ (೧೮೭೮-೧೯೫೨) ತಮ್ಮ ಹಿನ್ನೆಲೆಯನ್ನು ಮರೆಮಾಚದೆ, ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದರು.

ಆದರೆ ಹಟ್ಟಿಯ ಅಜ್ಜಿಯ ಪರಿಸ್ಥಿತಿ ನಾಗರತ್ನಮ್ಮನವರದಲ್ಲ. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ೧೯೮೨ರ ಕರ್ನಾಟಕ ಕಾಯಿದೆ ೧೯೮೪ರಲ್ಲಿ ಜಾರಿಗೆ ಬಂದಿತು. ಹೆಸರು, ಊರು, ಮುಖ ಮೂರೂ ಒಂದೇ ಪುಟದಲ್ಲಿ ಅಚ್ಚಾದರೆ ಮೊಮ್ಮಗಳ ಮದುವೆಯ ಮಾತುಕತೆಯಲ್ಲಿ ಆ ಪುಟ ಯಾರ ಕೈಯಲ್ಲಾದರೂ ಕಾಣಿಸಿಕೊಳ್ಳಬಹುದು. ಹೆಸರನ್ನು ಬಿಟ್ಟು 'ಬಸವಿ' ಎಂದಷ್ಟೇ ಬರೆದರೆ ಥರ್ಸ್ಟನ್ನನ ಸಾಲಿಗೆ ನಾವೂ ಸೇರುತ್ತೇವೆ. ಎರಡೂ ಕಡೆ ಇಕ್ಕಟ್ಟು.

ಕ್ಯೋಟೋದ ಗಿಯೋನ್ ಬಡಾವಣೆಯಲ್ಲಿ ಉತ್ತರವನ್ನು ಸ್ಥಳೀಯರೇ ಕೊಟ್ಟರು. ದಾರಿಯಲ್ಲಿ ಗೇಷಾಗಳನ್ನು ಬೆನ್ನಟ್ಟಿ ಚಿತ್ರ ತೆಗೆಯುವ ಪ್ರವಾಸಿಗರ ಹಾವಳಿಯಿಂದ ಬೇಸತ್ತು ೨೦೧೯ರಲ್ಲಿ ಖಾಸಗಿ ಓಣಿಗಳಲ್ಲಿ ಛಾಯಾಗ್ರಹಣವನ್ನು ನಿಷೇಧಿಸಿ ೧೦,೦೦೦ ಯೆನ್ ದಂಡದ ಫಲಕ ಹಾಕಿದರು. ೨೦೨೪ರಲ್ಲಿ ಓಣಿಗಳ ಪ್ರವೇಶವನ್ನೇ ತಡೆದರು. ಅಲ್ಲಿ ಬಡಾವಣೆಗೆ ಸಂಘಟಿತವಾದ ದನಿಯಿದೆ. ನಮ್ಮ ಹಟ್ಟಿಯಲ್ಲಿ ಫಲಕ ನೆಡುವವರಿಲ್ಲ. ವಿಶ್ವವಿದ್ಯಾಲಯದಿಂದ ಬಂದವರಿಗೆ 'ಬೇಡ' ಎನ್ನಲು ಅಜ್ಜಿಗೆ ಸಂಕೋಚ. ಆ ಸಂಕೋಚವನ್ನು ಒಪ್ಪಿಗೆಯೆಂದು ನಮೂದಿಸಿಕೊಂಡ ಕ್ಷೇತ್ರಕಾರ್ಯ ನಮ್ಮಲ್ಲಿ ಕಡಿಮೆಯಿಲ್ಲವೆಂದು ನನ್ನ ಅನಿಸಿಕೆ.

ರೇಖಾಚಿತ್ರದ ಉಪಯುಕ್ತತೆಯನ್ನು ನಮ್ಮ ಜಾನಪದ ವಿಭಾಗಗಳು ಮರೆತಿವೆ. ಬಿಡುವ ಶಾಸ್ತ್ರದಲ್ಲಿ ಬಳಕೆಯಾಗುತ್ತಿದ್ದ ಕತ್ತಿ, ಅದರ ತುದಿಗೆ ಚುಚ್ಚಿದ ನಿಂಬೆಹಣ್ಣು, ತಾಳಿ ಇವನ್ನೆಲ್ಲ ಗೆರೆಗಳಲ್ಲಿ ದಾಖಲಿಸಬಹುದು, ಮುಖ ಬೇಕಾಗುವುದಿಲ್ಲ. ಛಾಯಾಚಿತ್ರ ತೆಗೆದಿದ್ದರೆ ಅಚ್ಚಿಗೆ ಮೊದಲು ಅದನ್ನು ಅವರಿಗೇ ತೋರಿಸಿ, ಅಡಿಬರಹವನ್ನು ಓದಿ ಹೇಳಬೇಕು. 'ಇದನ್ನು ಹೀಗೆ ಬರೆಯಲೇ ಅಮ್ಮಾ?' ಎಂದು ಕೇಳಲು ಹಟ್ಟಿಗೆ ಇನ್ನೊಮ್ಮೆ ಹೋಗಬೇಕಾಗುತ್ತದೆ. ಆ ಎರಡನೆಯ ಪ್ರಯಾಣಕ್ಕೆ ನಮ್ಮ ಸಂಶೋಧನಾ ಯೋಜನೆಗಳಲ್ಲಿ ದಿನವನ್ನೂ ಹಣವನ್ನೂ ಮೀಸಲಿಡುವ ಪದ್ಧತಿ ಇನ್ನೂ ಬೆಳೆಯಬೇಕಾಗಿದೆ.