‘ವಿಶ್ವ ಸಮ್ಮೇಳನದಲ್ಲಿ ಮಂಡನೆಯಾಗಿದೆ’ ಎಂದರೆ ಟಿಬಿಗೆ ಹೊಸ ಮದ್ದು ಸಿಕ್ಕಿತು ಎಂದರ್ಥವೇ?

“ಟಿಬಿಗೆ ಕೊನೆಗೂ ಮದ್ದು ಸಿಕ್ಕಿತು! ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ವಿಜ್ಞಾನಿಗಳು ಒಪ್ಪಿದ್ದಾರೆ. ಹತ್ತು ಜನರಿಗೆ ಕಳುಹಿಸಿ, ಒಂದು ಜೀವ ಉಳಿಸಿ.”

ಈ ಧಾಟಿಯ ಸಂದೇಶ ನಿಮ್ಮ ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಮದ್ದಿನ ಹೆಸರು ಬದಲಾಗುತ್ತಿರುತ್ತದೆ. ಒಮ್ಮೆ ಬೆಳ್ಳುಳ್ಳಿ, ಒಮ್ಮೆ ಯಾವುದೋ ಸೊಪ್ಪಿನ ರಸ, ಇನ್ನೊಮ್ಮೆ ಹೊಸ ಲಸಿಕೆ. ಆದರೆ ‘ಸಮ್ಮೇಳನದಲ್ಲಿ ಮಂಡಿಸಲಾಗಿದೆ’ ಎಂಬ ಸಾಲು ಮಾತ್ರ ಹಾಗೇ ಉಳಿಯುತ್ತದೆ. ಅದನ್ನು ಓದಿದ ಕೂಡಲೇ ನಮಗೆ ನಂಬಿಕೆ ಬಂದುಬಿಡುತ್ತದೆ.

ಸಾಮಾನ್ಯ ಟಿಬಿಗೆ ಸರಿಸುಮಾರು ಆರು ತಿಂಗಳ ಚಿಕಿತ್ಸೆ ಬೇಕು. ಹೆಚ್ಚಿನವರಿಗೆ ಮೊದಲ ಕೆಲವು ವಾರಗಳಲ್ಲೇ ಜ್ವರ, ಕೆಮ್ಮು ಇಳಿಯುತ್ತದೆ, ಹಸಿವು ಮರಳುತ್ತದೆ. ಮಾತ್ರೆ ನುಂಗಿ ನುಂಗಿ ಬೇಸತ್ತವರಿಗೆ ಸರಿಯಾಗಿ ಆ ಹೊತ್ತಿಗೆ ಇಂಥದ್ದೊಂದು ಫಾರ್ವರ್ಡ್ ಬಂದರೆ ಏನಾಗಬಹುದು ಯೋಚಿಸಿ. ನಡುವೆ ಮಾತ್ರೆ ಬಿಟ್ಟರೆ ದೇಹದಲ್ಲಿ ಉಳಿದ ಬ್ಯಾಕ್ಟೀರಿಯಾ ಮತ್ತೆ ತಲೆ ಎತ್ತುತ್ತದೆ, ಎಷ್ಟೋ ಸಲ ಹಳೆಯ ಔಷಧಕ್ಕೆ ಬಗ್ಗದ ರೂಪದಲ್ಲಿ. ಆದ್ದರಿಂದ ಸಮ್ಮೇಳನದಲ್ಲಿ ‘ಮಂಡನೆಯಾಗುವುದು’ ಎಂದರೆ ಏನು ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ.

ಸಮ್ಮೇಳನಕ್ಕೆ ಕಳುಹಿಸುವುದೇನು?

ಟಿಬಿ ತಡೆ ಮತ್ತು ಆರೈಕೆಯ ಬಗ್ಗೆ ನಡೆಯುವ ದೊಡ್ಡ ಸಮ್ಮೇಳನಗಳಲ್ಲಿ ಒಂದು, ಶ್ವಾಸಕೋಶದ ಆರೋಗ್ಯ ಕುರಿತ ಯೂನಿಯನ್ ವಿಶ್ವ ಸಮ್ಮೇಳನ. 1920ರಲ್ಲಿ ಶುರುವಾದ, ಪ್ಯಾರಿಸ್‌ನಲ್ಲಿ ಕಚೇರಿ ಇರುವ ಅಂತರರಾಷ್ಟ್ರೀಯ ಒಕ್ಕೂಟ ಇದನ್ನು ನಡೆಸುತ್ತದೆ. 2019ರಲ್ಲಿ ಇದು ನಮ್ಮ ಪಕ್ಕದ ಹೈದರಾಬಾದಿನಲ್ಲೇ ನಡೆಯಿತು. ಇಂಥ ಸಮ್ಮೇಳನಕ್ಕೆ ಸಂಶೋಧಕರು ಮೊದಲು ಕಳುಹಿಸುವುದು ಪೂರ್ತಿ ಪ್ರಬಂಧವನ್ನಲ್ಲ, ಅದರ ಸಾರಾಂಶವನ್ನು. ಅದನ್ನು ‘ಅಬ್‌ಸ್ಟ್ರ್ಯಾಕ್ಟ್’ ಎನ್ನುತ್ತಾರೆ. ಇದು ಸಾಮಾನ್ಯವಾಗಿ ಇನ್ನೂರೈವತ್ತು, ಮುನ್ನೂರು ಪದಗಳಲ್ಲಿ ಮುಗಿಯುತ್ತದೆ. ಈಗ ನೀವು ಓದುತ್ತಿರುವ ಲೇಖನದ ಮೂರನೇ ಒಂದು ಪಾಲು ಕೂಡ ಇರುವುದಿಲ್ಲ. ಪ್ರಶ್ನೆ ಏನು, ಹೇಗೆ ಹುಡುಕಿದೆವು, ಏನು ಸಿಕ್ಕಿತು, ಅದರಿಂದ ಏನು ತಿಳಿಯಿತು ಎಂಬ ನಾಲ್ಕು ತುಣುಕು ಅದರಲ್ಲಿರಬೇಕು.

ಸಮ್ಮೇಳನಕ್ಕೆ ಎಷ್ಟೋ ತಿಂಗಳು ಮೊದಲೇ ಇದನ್ನು ಸಲ್ಲಿಸಬೇಕು. ಅದೇ ಕ್ಷೇತ್ರದ ಕೆಲವು ತಜ್ಞರು, ಸಾಮಾನ್ಯವಾಗಿ ಬರೆದವರ ಹೆಸರು ಕಾಣದಂತೆ, ಓದಿ ಅಂಕ ಕೊಡುತ್ತಾರೆ. ಹೆಚ್ಚು ಅಂಕ ಬಂದವರಿಗೆ ವೇದಿಕೆಯಲ್ಲಿ ಕೆಲವು ನಿಮಿಷ ಮಾತಾಡುವ ಅವಕಾಶ ಸಿಗುತ್ತದೆ. ಉಳಿದವರಲ್ಲಿ ಹಲವರಿಗೆ ಪೋಸ್ಟರ್ ಹಾಕುವ ಅವಕಾಶ. ಕಳುಹಿಸುವವರಲ್ಲಿ ಹೆಸರಾಂತ ವಿಜ್ಞಾನಿಗಳಷ್ಟೇ ಅಲ್ಲ, ವೈದ್ಯಕೀಯ ವಿದ್ಯಾರ್ಥಿಗಳು, ಜಿಲ್ಲಾ ಮಟ್ಟದ ಆರೋಗ್ಯ ಸಿಬ್ಬಂದಿ, ಟಿಬಿಯಿಂದ ಗುಣವಾಗಿ ಈಗ ಬೇರೆಯವರಿಗೆ ನೆರವಾಗುತ್ತಿರುವವರೂ ಇರುತ್ತಾರೆ. ಇದು ಒಳ್ಳೆಯದೇ. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಕಂಡದ್ದು ಜಗತ್ತಿಗೆ ತಿಳಿಯುವ ದಾರಿಗಳಲ್ಲಿ ಇದೂ ಒಂದು.

ಆದರೆ ಅಂಕ ಕೊಡುವವರ ಕೈಯಲ್ಲಿ ಇರುವುದು ಆ ಒಂದು ಪುಟ ಮಾತ್ರ. ರೋಗಿಗಳ ದಾಖಲೆ, ಕಫ ಪರೀಕ್ಷೆಯ ವರದಿ, ಪೂರ್ತಿ ಲೆಕ್ಕ ಯಾವುದೂ ಅವರ ಮುಂದೆ ಇರುವುದಿಲ್ಲ. ಸಾರಾಂಶ ಸ್ವೀಕಾರವಾಯಿತು ಎಂದರೆ “ಇದು ಕೇಳಿಸಿಕೊಳ್ಳಲು ಯೋಗ್ಯವಾಗಿದೆ, ಬನ್ನಿ, ಹೇಳಿ” ಎಂದಷ್ಟೇ ಅರ್ಥ. “ಇದು ನಿಜ” ಎಂದು ಯಾರೂ ಮೊಹರು ಒತ್ತಿರುವುದಿಲ್ಲ. ಫಾರ್ವರ್ಡ್ ಬರೆದವರು ಜಾರಿಸಿಬಿಡುವ ವ್ಯತ್ಯಾಸ ಇದೇ.

ಒಬ್ಬನೇ ವಿಜ್ಞಾನಿ, ಎರಡು ಘೋಷಣೆ

ವಾಟ್ಸ್‌ಆ್ಯಪ್ ಹುಟ್ಟುವ ನೂರು ವರ್ಷ ಮೊದಲೂ ಈ ಎಡವಟ್ಟು ಆಗಿದೆ, ಅದೂ ಟಿಬಿಯ ವಿಷಯದಲ್ಲೇ.

1882ರ ಮಾರ್ಚ್ 24ರಂದು ಬರ್ಲಿನ್‌ನ ಒಂದು ಸಭೆಯಲ್ಲಿ ರಾಬರ್ಟ್ ಕಾಖ್, ಕ್ಷಯಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ಕಂಡುಹಿಡಿದಿರುವುದಾಗಿ ಹೇಳಿದರು. ಬರೀ ಹೇಳಲಿಲ್ಲ. ಸೂಕ್ಷ್ಮದರ್ಶಕ, ಸ್ಲೈಡುಗಳನ್ನು ಜೊತೆಗೇ ತಂದಿದ್ದರು. ಬಂದವರು ಕಣ್ಣಾರೆ ನೋಡಿದರು. ಬಣ್ಣ ಹಾಕಿದ್ದು ಹೇಗೆ, ಬ್ಯಾಕ್ಟೀರಿಯಾ ಬೆಳೆಸಿದ್ದು ಹೇಗೆ ಎಂಬುದೆಲ್ಲ ಮೂರು ವಾರದೊಳಗೆ ಅಚ್ಚಾಯಿತು. ಬೇರೆಯವರೂ ಮಾಡಿ ನೋಡಿದರು, ಅದೇ ಫಲ ಬಂತು. ಇವತ್ತಿಗೂ ಮಾರ್ಚ್ 24 ವಿಶ್ವ ಕ್ಷಯ ದಿನ.

ಎಂಟು ವರ್ಷ ಕಳೆದು, 1890ರ ಆಗಸ್ಟ್‌ನಲ್ಲಿ, ಅದೇ ಬರ್ಲಿನ್‌ನಲ್ಲಿ ಅಂತರರಾಷ್ಟ್ರೀಯ ವೈದ್ಯಕೀಯ ಸಮ್ಮೇಳನ. ಅದೇ ಕಾಖ್ ವೇದಿಕೆ ಏರಿ, ಗಿನಿಯಿಲಿಗಳಲ್ಲಿ ಟಿಬಿಯನ್ನು ತಡೆದು ನಿಲ್ಲಿಸುವ ವಸ್ತುವೊಂದು ಸಿಕ್ಕಿದೆ ಎಂದರು. ಅದು ಏನು, ಹೇಗೆ ಮಾಡುವುದು ಎಂಬುದನ್ನು ಮಾತ್ರ ಹೇಳಲಿಲ್ಲ. ಪತ್ರಿಕೆಗಳಲ್ಲಿ ಸುದ್ದಿಯೋ ಸುದ್ದಿ. ರೋಗಿಗಳು ದೇಶ ದೇಶಗಳಿಂದ ಬರ್ಲಿನ್‌ಗೆ ಹೊರಟರು. ಷರ್ಲಾಕ್ ಹೋಮ್ಸ್ ಕತೆಗಳನ್ನು ಬರೆದ ಕಾನನ್ ಡಾಯ್ಲ್ ಸ್ವತಃ ವೈದ್ಯ. ಅವರೂ ನವೆಂಬರಿನಲ್ಲಿ ನೋಡಲು ಹೋದರು. ಹಿಂದಿರುಗಿ, ಅಷ್ಟು ಆತುರದ ನಂಬಿಕೆ ಬೇಡ ಎಂಬ ಎಚ್ಚರಿಕೆಯ ಧಾಟಿಯಲ್ಲಿ ಬರೆದರು. ಕೆಲವೇ ತಿಂಗಳಲ್ಲಿ ಅದು ನಿಜವಾಯಿತು. ಚುಚ್ಚುಮದ್ದು ಪಡೆದ ಹಲವರಿಗೆ ಗುಣವಾಗಲಿಲ್ಲ, ಕೆಲವರು ಸತ್ತರು. ಹಾಗೆ ಸತ್ತವರ ದೇಹ ಪರೀಕ್ಷಿಸಿದ ವಿರ್ಚೋ ಎಂಬ ವೈದ್ಯರು, ಮದ್ದಿನ ಬಳಿಕ ರೋಗ ದೇಹದಲ್ಲಿ ಇನ್ನಷ್ಟು ಹರಡಿದ್ದ ಗುರುತುಗಳನ್ನು ತೋರಿಸಿದರು. ಕೊನೆಗೆ 1891ರ ಜನವರಿಯಲ್ಲಿ ಕಾಖ್ ಗುಟ್ಟು ಬಿಟ್ಟುಕೊಟ್ಟರು. ಅದು ಟಿಬಿ ಬ್ಯಾಕ್ಟೀರಿಯಾದಿಂದಲೇ ಗ್ಲಿಸರಿನ್‌ನಲ್ಲಿ ತೆಗೆದ ಸಾರ, ಟ್ಯೂಬರ್ಕ್ಯುಲಿನ್.

ಅದು ಪೂರ್ತಿ ವ್ಯರ್ಥವಾಗಲಿಲ್ಲ ಎನ್ನಿ. ಮದ್ದಾಗಿ ಸೋತರೂ ಪರೀಕ್ಷೆಯಾಗಿ ಗೆದ್ದಿತು. ಇಂದಿಗೂ ಮುಂಗೈಗೆ ಚುಚ್ಚಿ, ಎರಡು ಮೂರು ದಿನ ಬಿಟ್ಟು ಊತ ಅಳೆಯುವ ಮಾಂಟೂ ಪರೀಕ್ಷೆಯಲ್ಲಿ ಬಳಸುವುದು ಅದರ ಶುದ್ಧೀಕರಿಸಿದ ರೂಪವನ್ನೇ.

ಎರಡೂ ಸಲ ವ್ಯಕ್ತಿ ಅದೇ, ಊರು ಅದೇ. ಎರಡನೇ ವೇದಿಕೆ ಇನ್ನೂ ದೊಡ್ಡದು. ಮೊದಲ ಸಲ ಬೇರೆಯವರು ಮಾಡಿ ನೋಡಬಹುದಾಗಿತ್ತು, ಎರಡನೇ ಸಲ ಆಗಲಿಲ್ಲ.

ಸಮ್ಮೇಳನದಿಂದ ಮುಂದೆ ಎಷ್ಟು ಬರುತ್ತವೆ?

ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2018ರಲ್ಲಿ ಇದನ್ನೇ ಲೆಕ್ಕ ಹಾಕಿತು. ಬೇರೆ ಬೇರೆ ರೋಗಗಳ ಸಮ್ಮೇಳನಗಳಲ್ಲಿ ಬಂದ ಮೂರು ಲಕ್ಷಕ್ಕೂ ಹೆಚ್ಚು ಸಾರಾಂಶಗಳನ್ನು ಹಿಂಬಾಲಿಸಿದರೆ, ಪೂರ್ತಿ ಪ್ರಬಂಧವಾಗಿ ಪ್ರಕಟವಾದದ್ದು ಸುಮಾರು 37 ಪ್ರತಿಶತ. ಉಳಿದವೆಲ್ಲ ಸುಳ್ಳು ಎಂದಲ್ಲ. ಸಮಯ ಸಿಗದೆ, ದುಡ್ಡಿಲ್ಲದೆ, ಫಲಿತಾಂಶ ಸಪ್ಪೆಯಾಗಿದೆ ಎಂದು ಬಿಟ್ಟವೂ ಇವೆ. ಆದರೆ ಹತ್ತರಲ್ಲಿ ಆರು ಕಡೆ ಪೂರ್ತಿ ಲೆಕ್ಕ ಹೊರಗೆ ಬಂದೇ ಇಲ್ಲ ಎಂಬುದು ಸಣ್ಣ ಮಾತಲ್ಲ.

ಪೂರ್ತಿ ಲೆಕ್ಕ ಬಂದಾಗ ಹೇಗಿರುತ್ತದೆ ಎಂಬುದಕ್ಕೆ ನಮ್ಮದೇ ನಾಡಿನ ನಂಟಿರುವ ಉದಾಹರಣೆ ಇದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ತಂಡ ಐಸಿಎಂಆರ್ ನೆರವಿನಿಂದ ಜಾರ್ಖಂಡ್‌ನಲ್ಲಿ ನಡೆಸಿದ ‘ರೇಷನ್ಸ್’ ಅಧ್ಯಯನ 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅದನ್ನು ಸಾರಾಂಶದ ಅಚ್ಚಿಗೆ ಹಾಕಿ ನೋಡೋಣ. ಪ್ರಶ್ನೆ: ಮನೆಯಲ್ಲಿ ಒಬ್ಬರಿಗೆ ಟಿಬಿ ಇದ್ದಾಗ, ಉಳಿದವರಿಗೆ ಒಳ್ಳೆಯ ಆಹಾರ ಕೊಟ್ಟರೆ ರೋಗ ತಡೆಯಬಹುದೇ? ವಿಧಾನ: 2,800 ರೋಗಿಗಳ ಮನೆಯ 10,345 ಜನ. ಎರಡೂ ಗುಂಪಿನ ರೋಗಿಗಳಿಗೆ ಔಷಧದ ಜೊತೆಗೆ ಆಹಾರದ ಕಿಟ್. ಮನೆಯವರಲ್ಲಿ ಒಂದು ಗುಂಪಿಗೆ ಮಾತ್ರ ದೊಡ್ಡವರಿಗೆ ತಿಂಗಳಿಗೆ ತಲಾ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ, ವಿಟಮಿನ್ ಮಾತ್ರೆ. ಫಲ: ಆಹಾರ ಸಿಕ್ಕ ಮನೆಯವರಲ್ಲಿ ಹೊಸ ಟಿಬಿ ಸುಮಾರು 39 ಪ್ರತಿಶತ ಕಡಿಮೆ.

ಇದನ್ನು ಯಾರಾದರೂ “ಅನ್ನ, ಬೇಳೆ ತಿಂದರೆ ಟಿಬಿ ಗುಣ” ಎಂದು ಒಂದೇ ಸಾಲಿಗೆ ಇಳಿಸಿದರೆ? ಅದು ತಪ್ಪು. ಯಾವ ರೋಗಿಯ ಮಾತ್ರೆಯನ್ನೂ ಇಲ್ಲಿ ನಿಲ್ಲಿಸಿಲ್ಲ. ಆಹಾರ ರೋಗ ತಡೆದದ್ದು ಮನೆಯ ಇತರರಲ್ಲಿ. (ಚಿಕಿತ್ಸೆಯಲ್ಲಿರುವವರಿಗೆ ಪೌಷ್ಟಿಕ ಆಹಾರಕ್ಕೆಂದು ಸರ್ಕಾರ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಕೊಡುವ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿ. ಬಾರದವರು ಆರೋಗ್ಯ ಕೇಂದ್ರದಲ್ಲಿ ಕೇಳಿ.)

ಲಸಿಕೆಯ ಕತೆಯೂ ಹೀಗೇ. ಹೈದರಾಬಾದ್ ಸಮ್ಮೇಳನದಲ್ಲಿ ಎಂ72 ಎಂಬ ಲಸಿಕೆಯ ಫಲಿತಾಂಶ ಹೊರಬಿತ್ತು. ಲಸಿಕೆ ಪಡೆದವರಲ್ಲಿ 13 ಜನಕ್ಕೆ ಟಿಬಿ, ಔಷಧವಿಲ್ಲದ ಚುಚ್ಚುಮದ್ದು ಪಡೆದವರಲ್ಲಿ 26 ಜನಕ್ಕೆ. ಅಂದರೆ ಅರ್ಧದಷ್ಟು ಕಡಿಮೆ. ಪೂರ್ತಿ ಪ್ರಬಂಧವೂ ಜೊತೆಗೇ ಬಂತು. ಅಷ್ಟಾದರೂ ಲಸಿಕೆಯನ್ನು ಅಂಗಡಿಗೆ ಬಿಡಲಿಲ್ಲ, ಏಕೆಂದರೆ ಎರಡೂ ಕಡೆ ಸೇರಿ ಲೆಕ್ಕಕ್ಕೆ ಸಿಕ್ಕಿದ್ದು 39 ರೋಗಿಗಳು. ಸುಮಾರು 20,000 ಜನರ ಮೇಲಿನ ದೊಡ್ಡ ಪರೀಕ್ಷೆ 2024ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಶುರುವಾಯಿತು.

ಸಮ್ಮೇಳನವೇ ನಕಲಿ ಆಗಿದ್ದರೆ?

ಅದೂ ಉಂಟು. “ಗೌರವಾನ್ವಿತರೇ, ನಮ್ಮ ವಿಶ್ವ ಮಹಾಸಮ್ಮೇಳನಕ್ಕೆ ನಿಮ್ಮ ಸಾರಾಂಶ ಕಳುಹಿಸಿ” ಎಂಬ ಇಮೇಲ್ ವೈದ್ಯಕೀಯ ವಿದ್ಯಾರ್ಥಿಗಳಿಗೆ ಆಗಾಗ ಬರುತ್ತದೆ. ಕಳುಹಿಸಿದ ಮರುದಿನವೇ ‘ಸ್ವೀಕಾರವಾಗಿದೆ, ಶುಲ್ಕ ಕಟ್ಟಿ’ ಎಂಬ ಉತ್ತರ. ಓದಿದವರು ಯಾರೂ ಇರುವುದಿಲ್ಲ. ಹೈದರಾಬಾದ್ ಮೂಲದ ಒಂದು ಪ್ರಕಾಶನ ಸಂಸ್ಥೆ ಪತ್ರಿಕೆ ಮತ್ತು ಸಮ್ಮೇಳನಗಳ ಹೆಸರಿನಲ್ಲಿ ಸಂಶೋಧಕರನ್ನು ವಂಚಿಸಿತೆಂದು ಅಮೆರಿಕದ ನ್ಯಾಯಾಲಯ 2019ರಲ್ಲಿ 5 ಕೋಟಿ ಡಾಲರ್‌ಗೂ ಹೆಚ್ಚು ಮೊತ್ತ ಕಟ್ಟುವಂತೆ ಆದೇಶಿಸಿತ್ತು. ಶುಲ್ಕ ನಿಜವಾದ ಸಮ್ಮೇಳನಗಳಲ್ಲೂ ಇರುತ್ತದೆ, ಅದೊಂದನ್ನೇ ನೋಡಿ ತೀರ್ಮಾನಿಸಬೇಡಿ. ಒಂದೇ ದಿನದಲ್ಲಿ ಒಪ್ಪಿಗೆ ಬಂದರೆ, ಟಿಬಿಯಿಂದ ಹಿಡಿದು ಟ್ರಾಕ್ಟರ್‌ವರೆಗೆ ಎಲ್ಲ ವಿಷಯಕ್ಕೂ ಒಂದೇ ಸಮ್ಮೇಳನ ಎಂದರೆ, ಅನುಮಾನಿಸಿ.

ಇನ್ನು ಮುಂದಿನ ಸಲ ಫಾರ್ವರ್ಡ್ ಬಂದಾಗ ಸಮ್ಮೇಳನದ ಹೆಸರು, ಊರು, ವರ್ಷ ಇದೆಯೇ ನೋಡಿ. ಪ್ರಯೋಗ ನಡೆದದ್ದು ಗಾಜಿನ ನಳಿಕೆಯಲ್ಲೋ, ಇಲಿಯ ಮೇಲೋ, ಮನುಷ್ಯರ ಮೇಲೋ? ಎಷ್ಟು ಜನರ ಮೇಲೆ? ಮಾತ್ರೆಯ ಬದಲಿಗೋ, ಮಾತ್ರೆಯ ಜೊತೆಗೋ? ಬೆಳ್ಳುಳ್ಳಿ ರಸ ನಳಿಕೆಯಲ್ಲಿ ಬ್ಯಾಕ್ಟೀರಿಯಾ ಕೊಂದಿತು ಎಂದರೆ ಶ್ವಾಸಕೋಶದ ಒಳಗೂ ಕೊಲ್ಲುತ್ತದೆ ಎಂದಲ್ಲ. ಮನೆಯಲ್ಲಿ ಟಿಬಿ ಚಿಕಿತ್ಸೆಯಲ್ಲಿ ಇರುವವರಿದ್ದು ಇಂಥ ಸಂದೇಶದಿಂದ ಗೊಂದಲವಾದರೆ, ಮಾತ್ರೆ ನಿಲ್ಲಿಸದೆ ವೈದ್ಯರನ್ನು ಅಥವಾ ನಿಕ್ಷಯ್ ಸಹಾಯವಾಣಿ 1800-11-6666 ಅನ್ನು ಕೇಳಿ. ಕರೆ ಉಚಿತ.

ಗುಂಪಿನಲ್ಲಿ ಕಳುಹಿಸಿದವರು ಹಿರಿಯರಾಗಿದ್ದು ಎದುರು ಮಾತಾಡಲು ಮುಜುಗರವಾದರೆ, ಇಷ್ಟು ಬರೆದರೂ ಸಾಕು: “ದೊಡ್ಡಪ್ಪಾ, ಇದರ ಪೂರ್ತಿ ಪ್ರಬಂಧ ಎಲ್ಲಿ ಬಂದಿದೆಯಂತೆ? ಲಿಂಕ್ ಇದ್ದರೆ ಕಳುಹಿಸ್ತೀರಾ?”