ಮುಂಬಲ್ಲುಗಳ ನಡುವಿನ ಸಂದು: ಮುಚ್ಚಿಸುವ ಮುನ್ನ ತಿಳಿಯಬೇಕಾದುದು

ಮೇಲ್ದವಡೆಯ ಎರಡು ಬಾಚಿಹಲ್ಲುಗಳ ನಡುವೆ ಸಂದಿರುವುದು ಅದೃಷ್ಟದ ಕುರುಹೆಂದು ಹೇಳುವವರಿದ್ದಾರೆ. ಹೆಣ್ಣು ನೋಡಲು ಬಂದವರು ಅದನ್ನೇ ಕೊರತೆಯೆಂದು ಎಣಿಸುವುದೂ ಉಂಟು. ದಂತವೈದ್ಯಶಾಸ್ತ್ರಕ್ಕೆ ಈ ಎರಡರ ಗೊಡವೆಯೂ ಇಲ್ಲ. ಅದು ಡಯಾಸ್ಟೀಮಾ ಎಂದು ಕರೆಯುವ ಈ ಸಂದು ಬಹುಮಟ್ಟಿಗೆ ರೋಗವೇ ಅಲ್ಲ. ವಸಡು ಆರೋಗ್ಯವಾಗಿದ್ದು, ಅಗಿಯಲು, ಮಾತನಾಡಲು ತೊಡಕಿಲ್ಲದಿದ್ದರೆ ಅದನ್ನು ಹಾಗೆಯೇ ಬಿಡುವುದೂ ಸರಿಯಾದ ನಿರ್ಧಾರವೇ. ಸಂದು ಏಕೆ ಬಂದಿತೆಂಬುದನ್ನು ಅರಿಯದೆ ಮುಚ್ಚಿಸಲು ಹೊರಡುವುದು ಮಾತ್ರ ತರವಲ್ಲ.

ಮಕ್ಕಳ ವಿಷಯದಲ್ಲಿ ಅವಸರವೇ ದೊಡ್ಡ ಶತ್ರು. ಏಳೆಂಟು ವರ್ಷಕ್ಕೆ ಶಾಶ್ವತ ಬಾಚಿಹಲ್ಲುಗಳು ಮೂಡಿದಾಗ ಅವುಗಳ ನಡುವೆ ಸಂದು ಕಾಣುವುದು ಸಹಜ. 11-12ನೆಯ ವಯಸ್ಸಿನಲ್ಲಿ ಕೋರೆಹಲ್ಲುಗಳು ಇಳಿದು ಬರುವಾಗ ಮುಂಬಲ್ಲುಗಳು ಒಂದರತ್ತ ಒಂದು ಸರಿಯುತ್ತವೆ. 2 ಮಿಲಿಮೀಟರಿನೊಳಗಿನ ಸಂದು ಹೆಚ್ಚಾಗಿ ತಾನೇ ಮುಚ್ಚಿಕೊಳ್ಳುತ್ತದೆ. ಅಲ್ಲಿಯವರೆಗೆ ತಾಯಿತಂದೆಯರು ಕಾಯುವುದೇ ಚಿಕಿತ್ಸೆ. ಸಂದು ಅದಕ್ಕಿಂತ ಅಗಲವಾಗಿದ್ದರೆ ಒಮ್ಮೆ ವೈದ್ಯರಿಗೆ ತೋರಿಸಬೇಕು. ಎಲುಬಿನೊಳಗೆ ಹೆಚ್ಚುವರಿ ಹಲ್ಲೊಂದು ಅಡಗಿರಬಹುದು, ಪಕ್ಕದ ಬಾಚಿಹಲ್ಲು ಚಿಕ್ಕದಾಗಿರಬಹುದು ಅಥವಾ ಹುಟ್ಟಿಯೇ ಇಲ್ಲದಿರಬಹುದು. ಇವು ಎಕ್ಸ್‌ರೇಯಲ್ಲಿ ತಿಳಿಯುತ್ತವೆ. ಬೆರಳು ಚೀಪುವ ಅಭ್ಯಾಸ, ನುಂಗುವಾಗ ನಾಲಗೆಯಿಂದ ಹಲ್ಲನ್ನು ತಳ್ಳುವ ರೂಢಿ, ಮೇಲ್ದುಟಿಯನ್ನು ವಸಡಿಗೆ ಕಟ್ಟಿರುವ ಫ್ರೀನಮ್ ಎಂಬ ಪಟ್ಟಿ ದಪ್ಪವಾಗಿರುವುದು, ಇವೂ ಕಾರಣಗಳೇ.

ಇನ್ನು ದೊಡ್ಡವರ ಮಾತು. ಬಾಲ್ಯದಿಂದ ಇದ್ದ ಸಂದು ಬೇರೆ, ನಲವತ್ತರ ಆಸುಪಾಸಿನಲ್ಲಿ ಹೊಸದಾಗಿ ತೆರೆದುಕೊಂಡ ಸಂದು ಬೇರೆ. ಎರಡನೆಯದು ಅನೇಕ ವೇಳೆ ವಸಡಿನ ರೋಗದಿಂದ ಹಲ್ಲಿನ ಸುತ್ತಲ ಎಲುಬು ಕರಗುತ್ತಿರುವುದರ ಸೂಚನೆ. ಹಲ್ಲುಜ್ಜುವಾಗ ರಕ್ತ, ಬಾಯಿವಾಸನೆ, ಹಲ್ಲು ಅಲುಗುವಿಕೆ ಜೊತೆಗಿದ್ದರೆ ಸಂಶಯ ಬಲವಾಗುತ್ತದೆ. ಸಕ್ಕರೆ ಕಾಯಿಲೆಯವರಲ್ಲಿಯೂ ತಂಬಾಕು ಬಳಸುವವರಲ್ಲಿಯೂ ಈ ರೋಗ ಹೆಚ್ಚು ಉಗ್ರ. ಇಂಥಲ್ಲಿ ಮೊದಲು ವಸಡಿನ ಚಿಕಿತ್ಸೆಯಾಗಬೇಕು. ಅದನ್ನು ಬಿಟ್ಟು ಸಂದು ಮುಚ್ಚಿಸುವುದೆಂದರೆ ಕುಸಿಯುತ್ತಿರುವ ಗೋಡೆಗೆ ಸುಣ್ಣ ಬಳಿದಂತೆ.

ಕಾರಣ ತಿಳಿದ ಮೇಲೆ ದಾರಿಗಳು ಹಲವಿವೆ. ಹಲ್ಲುಗಳನ್ನೇ ಸರಿಸುವುದು ಒಂದು. ಜನ ಕ್ಲಿಪ್ ಎನ್ನುವ ತಂತಿಯ ಸಾಧನದಿಂದಲೋ, ತೆಗೆದು ಹಾಕಬಹುದಾದ ಪಾರದರ್ಶಕ ಅಲೈನರ್‌ಗಳಿಂದಲೋ ಇದನ್ನು ಮಾಡುತ್ತಾರೆ. ಹಲ್ಲನ್ನು ತೇಯುವ ಅಗತ್ಯವಿಲ್ಲ. ಆದರೆ ತಿಂಗಳುಗಟ್ಟಲೆ ತಾಳ್ಮೆ ಬೇಕು. ಸರಿದ ಹಲ್ಲುಗಳು ಹಿಂದಿನ ಜಾಗಕ್ಕೆ ಮರಳಲು ಸದಾ ಹವಣಿಸುವುದರಿಂದ, ಮುಗಿದ ಮೇಲೂ ಹಲ್ಲಿನ ಹಿಂಬದಿಗೆ ಅಂಟಿಸಿದ ಸಣ್ಣ ತಂತಿಯನ್ನು ಬಹುಕಾಲ ಉಳಿಸಿಕೊಳ್ಳಬೇಕಾಗುತ್ತದೆ. ದಪ್ಪ ಫ್ರೀನಮ್ಮನ್ನು ಕತ್ತರಿಸುವುದಿದ್ದರೂ ಸಾಮಾನ್ಯವಾಗಿ ಸಂದು ಮುಚ್ಚಿದ ಬಳಿಕವೇ. ಮೊದಲೇ ಕತ್ತರಿಸಿದರೆ ಗಾಯದ ಗಟ್ಟಿ ಅಂಗಾಂಶವೇ ಅಡ್ಡಿಯಾಗಬಹುದು.

ಕಿರಿದಾದ ಸಂದಿಗೆ ಹಲ್ಲಿನ ಬಣ್ಣದ ಕಾಂಪೋಸಿಟ್ ಲೇಪವಿದೆ. ಒಂದೇ ಭೇಟಿಯಲ್ಲಿ ಮುಗಿಯುತ್ತದೆ, ವೆಚ್ಚವೂ ಕಡಿಮೆ. ಕಾಲಕ್ರಮದಲ್ಲಿ ಚಹಾ, ಎಲೆಅಡಿಕೆಗಳ ಕಲೆ ಹಿಡಿಯುತ್ತದೆ, ಅಂಚು ಒಡೆಯುತ್ತದೆ. ಆದರೆ ರಿಪೇರಿ ಸುಲಭ. ಪಿಂಗಾಣಿಯ ವೆನೀರ್ ಹೆಚ್ಚು ಬಾಳುತ್ತದೆ, ದುಬಾರಿಯೂ ಹೌದು. ಅದಕ್ಕಾಗಿ ಸಾಮಾನ್ಯವಾಗಿ ಹಲ್ಲಿನ ಮೇಲ್ಪದರವನ್ನು ತುಸು ತೇಯುತ್ತಾರೆ, ತೇದದ್ದು ಮತ್ತೆ ಬೆಳೆಯದು. ಮದುವೆಗೆ ಹದಿನೈದು ದಿನವಿರುವಾಗ ಆರೋಗ್ಯವಂತ ಹಲ್ಲುಗಳನ್ನು ಸುತ್ತಲೂ ತೇದು ಕ್ಯಾಪ್ ಹಾಕಿಸಿಕೊಳ್ಳುವುದನ್ನು ಈ ಲೇಖಕ ಒಪ್ಪುವುದಿಲ್ಲ. ಅವಸರವಿದ್ದರೆ ಕಾಂಪೋಸಿಟ್ ಸಾಕು.

ಖರ್ಚಿಗೆ ಅಂಜುವವರಿಗೆ ದಂತವೈದ್ಯಕೀಯ ಕಾಲೇಜುಗಳಿವೆ. ಬೆಂಗಳೂರಿನ ಸರ್ಕಾರಿ ಕಾಲೇಜು, ಮೈಸೂರಿನ ಜೆ.ಎಸ್.ಎಸ್., ದಾವಣಗೆರೆಯ ಬಾಪೂಜಿ, ಧಾರವಾಡದ ಎಸ್.ಡಿ.ಎಂ. ಮುಂತಾದವು ನಮ್ಮ ನಾಡಿನಲ್ಲಿಯೇ ಇವೆ. ಇಂಥ ಕಾಲೇಜುಗಳಲ್ಲಿ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಗಳು ಚಿಕಿತ್ಸೆ ಮಾಡುವುದರಿಂದ ವೆಚ್ಚ ಸಾಮಾನ್ಯವಾಗಿ ಖಾಸಗಿ ಚಿಕಿತ್ಸಾಲಯಕ್ಕಿಂತ ಕಡಿಮೆ.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಬೇಕಾಗಿದೆ. ಎರಡು ಹಲ್ಲುಗಳಿಗೆ ರಬ್ಬರ್ ಬ್ಯಾಂಡ್ ಸುತ್ತಿ ಮನೆಯಲ್ಲಿಯೇ ಸಂದು ಮುಚ್ಚುವ ಉಪಾಯವನ್ನು ಮೊಬೈಲಿನಲ್ಲಿ ನೋಡಿ ಹದಿಹರೆಯದವರು ಅನುಸರಿಸುವುದುಂಟು. ಹಲ್ಲಿನ ಬೇರು ತುದಿಯತ್ತ ಕಿರಿದಾಗುತ್ತ ಹೋಗುತ್ತದೆ. ಆದುದರಿಂದ ಬ್ಯಾಂಡ್ ಒಂದೆಡೆ ನಿಲ್ಲದೆ ವಸಡಿನೊಳಗೆ ಜಾರಿ, ಬೇರಿನುದ್ದಕ್ಕೂ ಮೇಲೇರುತ್ತ ಎಲುಬನ್ನು ನಾಶಮಾಡುತ್ತದೆ. ಹೊರಗೆ ಸಂದು ಮುಚ್ಚಿದಂತೆಯೇ ಕಾಣುವುದರಿಂದ ಹುಡುಗರು ಹಿಗ್ಗುತ್ತಾರೆ. ಬ್ಯಾಂಡ್ ಬಿದ್ದುಹೋಯಿತೆಂದೇ ತಿಳಿಯುತ್ತಾರೆ. ವಾರಗಳ ಬಳಿಕ ಊತ, ಕೀವು ಕಾಣಿಸಿ, ಹುಳುಕಿಲ್ಲದ ಎರಡು ಮುಂಬಲ್ಲುಗಳೂ ಅಲುಗಿ ಕಳಚಿದ ಪ್ರಸಂಗಗಳು ವೈದ್ಯಕೀಯ ಬರಹಗಳಲ್ಲಿ ದಾಖಲಾಗಿವೆ. ರಬ್ಬರು ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣಿಸದು. ಬಾಯಿಬಿಟ್ಟು ಹೇಳದ ಹೊರತು ವೈದ್ಯರಿಗೂ ಸುಳಿವು ಸಿಗುವುದು ಕಷ್ಟ. ಮನೆಯಲ್ಲಿ ಯಾರಾದರೂ ಹೀಗೆ ಬ್ಯಾಂಡ್ ಸುತ್ತಿಕೊಂಡಿದ್ದು ಅದು ಕಾಣದಾಗಿದ್ದರೆ, ಗದರಿಸದೆ ನಿಜ ಕೇಳಿ ತಿಳಿದು, ನೋವಿರಲಿ ಇಲ್ಲದಿರಲಿ, ಅಂದೇ ದಂತವೈದ್ಯರ ಬಳಿಗೆ ಕರೆದೊಯ್ಯಬೇಕು.